ಎಲ್ಲರ ಕೈ ತಾಗಿದ ಬಟ್ಟೆ

*ಇಂದಿನ ಚಿಂತನೆ: ಕಠಿನ ಚೀವರ ಮತ್ತು "ಎಲ್ಲರೂ ಬನ್ನಿ" ಎಂಬ ಮಾತು*

ವರ್ಷಾವಾಸ ಮುಗಿಯುತ್ತ ಬಂತು. ಆಷಾಢ ಹುಣ್ಣಿಮೆಯ ದಿನ ವಿಹಾರದಲ್ಲಿ ಓದಲು ತೆಗೆದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಕೊನೆಯ ಕೆಲವು ಪುಟಗಳಷ್ಟೇ ಉಳಿದಿವೆ. ಆಶ್ವಿನ ಹುಣ್ಣಿಮೆಗೆ ವಾಚನ ಮುಕ್ತಾಯ. ಹೋದ ರವಿವಾರ ಕೂಡಿದಾಗ ಒಂದು ಸೂಚನೆ ಬಂತು. ಹೋದ ವರ್ಷ ನಾವು ವಿಹಾರಕ್ಕೆ ಒಂದು ಕೌದಿ ಹೊಲಿದೆವಲ್ಲ, ಈ ವರ್ಷ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹೀಗೆ ಐದೂ ಕಡೆಯವರು ಸೇರಿ ಹೊಲಿಯೋಣ, "ಎಲ್ಲ ಸಮಾಜದವರೂ ಬರಬಹುದು" ಎಂದು ಗ್ರೂಪಿನಲ್ಲಿ ಹಾಕೋಣ ಎಂದರು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಆದರೆ ಮನೆಗೆ ಬಂದ ಮೇಲೆ ಆ "ಎಲ್ಲರೂ" ಎಂಬ ಶಬ್ದ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಮೊದಲು ಕಠಿನದ ವಿಷಯ.

*ಕಠಿನ ಎಂದರೇನು?*

ವಿನಯ ಪಿಟಕದ ಮಹಾವಗ್ಗದಲ್ಲಿ ಈ ಪ್ರಸಂಗ ಬರುತ್ತದೆ. ಪಾವಾದ ಮೂವತ್ತು ಮಂದಿ ಭಿಕ್ಖುಗಳು ಭಗವಾನರನ್ನು ಕಾಣಲು ಸಾವತ್ಥಿಗೆ ಹೊರಟರು. ದಾರಿಯಲ್ಲಿ ಸಾಕೇತ ಮುಟ್ಟುವಷ್ಟರಲ್ಲಿ ಮಳೆಗಾಲ ಹಿಡಿಯಿತು. ನಿಯಮದಂತೆ ಅಲ್ಲಿಯೇ ಮೂರು ತಿಂಗಳು ತಂಗಿದರು. ವರ್ಷಾವಾಸ ಮುಗಿದ ಕೂಡಲೇ ಕೆಸರು ತುಳಿಯುತ್ತ, ನೆನೆದ ಚೀವರದಲ್ಲೇ ಸಾವತ್ಥಿಗೆ ಬಂದು ನಿಂತರು. ಅವರ ಸ್ಥಿತಿ ಕಂಡು ಬುದ್ಧರು ಕಠಿನಕ್ಕೆ ಅನುಮತಿ ಕೊಟ್ಟರು. ಅಂದರೆ ವರ್ಷಾವಾಸದ ನಂತರ ಉಪಾಸಕರು ಕೊಟ್ಟ ಬಟ್ಟೆಯಿಂದ ಸಂಘವೇ ಕೂಡಿ ಚೀವರ ಮಾಡಿಕೊಳ್ಳುವ ಪದ್ಧತಿ. ಹೊಲಿಯುವಾಗ ಬಟ್ಟೆಯನ್ನು ಬಿಗಿದು ಕಟ್ಟುವ ಮರದ ಚೌಕಟ್ಟಿಗೆ ಕಠಿನ ಎಂಬ ಹೆಸರು. ಅದೇ ಹೆಸರು ಪದ್ಧತಿಗೂ ಬಂತು.

ಇದರ ನಿಯಮಗಳನ್ನು ಗಮನಿಸಿ. ಆ ಬಟ್ಟೆಯನ್ನು ಒಬ್ಬ ಭಿಕ್ಖುವಿಗೆ ಕೊಡುವಂತಿಲ್ಲ, ಸಂಘಕ್ಕೇ ಕೊಡಬೇಕು. ಕತ್ತರಿಸಿ, ಹೊಲಿದು, ಬಣ್ಣ ಹಾಕುವುದೆಲ್ಲ ಅದೇ ದಿನ ಮುಗಿಯಬೇಕು. ಅಲ್ಲಿರುವ ಭಿಕ್ಖುಗಳೆಲ್ಲ ಕೈ ಹಚ್ಚಬೇಕು. ನಾನು ಹಿರಿಯ, ನಾನು ಪಂಡಿತ ಎಂಬ ವಿನಾಯಿತಿ ಇಲ್ಲ.

ಚೀವರದ ವಿನ್ಯಾಸವೂ ಹಾಗೆಯೇ. ಮಗಧದ ಗದ್ದೆಗಳನ್ನು ತೋರಿಸಿ, ಇದರಂತೆ ಚೀವರ ಮಾಡಬಹುದೇ ಎಂದು ಬುದ್ಧರು ಆನಂದರನ್ನು ಕೇಳಿದರು. ಆನಂದರು ತುಂಡು ತುಂಡು ಬಟ್ಟೆ ಜೋಡಿಸಿ, ನಡುವೆ ಬದುವಿನಂತೆ ಪಟ್ಟಿ ಕೊಟ್ಟು ಹೊಲಿದರು. ಇಂದಿಗೂ ಭಂತೇಜಿ ಹೊದ್ದ ಚೀವರವನ್ನು ಹತ್ತಿರದಿಂದ ನೋಡಿ, ಗದ್ದೆಯ ಮಡಿಗಳು ಕಾಣುತ್ತವೆ. ಮೊದಮೊದಲು ಆ ತುಂಡುಗಳು ಎಲ್ಲಿಂದ ಬರುತ್ತಿದ್ದವು? ತಿಪ್ಪೆಯಿಂದ, ಬೀದಿಯಿಂದ, ಸುಡುಗಾಡಿನಿಂದ. ಊರು ಬೇಡವೆಂದು ಬಿಸಾಡಿದ ಬಟ್ಟೆ. ಅಂಥ ಬಟ್ಟೆಯನ್ನು ಮುಟ್ಟಿ ಬದುಕಬೇಕೆಂದು ನಮ್ಮ ಹಿರಿಯರಿಗೆ ಊರು ಕಟ್ಟಳೆ ಹಾಕಿತ್ತು. ನಮಗೆ ಅವಮಾನವಾಗಿ ಬಂದದ್ದನ್ನು ಬುದ್ಧರು ತಾವಾಗಿ ಎತ್ತಿಕೊಂಡು ಮೈಮೇಲೆ ಹೊದ್ದರು. ಈ ಮಾತನ್ನು ಮಕ್ಕಳಿಗೆ ಹೇಳಿರಿ.

*ಸೂಜಿಗೆ ನೂಲು ಪೋಣಿಸಿದವರು ಯಾರು?*

ಧಮ್ಮಪದದ ಅಟ್ಠಕಥೆಯಲ್ಲಿ ಅನುರುದ್ಧರ ಚೀವರದ ಕತೆ ಇದೆ. ಅವರ ಚೀವರ ಹರಿದು ಹಳತಾಗಿತ್ತು. ಬೇರೆ ಬಟ್ಟೆ ಸಿಕ್ಕಿತು, ಹೊಲಿಯುವ ದಿನ ಬಂತು. ಒಂದು ತುದಿಯಲ್ಲಿ ಮಹಾಕಸ್ಸಪರು, ನಡುವೆ ಸಾರಿಪುತ್ತರು, ಇನ್ನೊಂದು ತುದಿಯಲ್ಲಿ ಆನಂದರು ಕುಳಿತರು. ಉಳಿದ ಭಿಕ್ಖುಗಳು ನೂಲು ಹೊಸೆದರು. ಮೊಗ್ಗಲ್ಲಾನರು ಓಡಾಡಿ ಬೇಕಾದದ್ದನ್ನು ತಂದು ಕೊಟ್ಟರು. ಬುದ್ಧರು ಏನು ಮಾಡಿದರು? ಸೂಜಿಗೆ ನೂಲು ಪೋಣಿಸಿ ಕೊಟ್ಟರು.

ನಮ್ಮ ಮನೆಗಳಲ್ಲಿ ಈ ಕೆಲಸ ಯಾರು ಮಾಡುತ್ತಾರೆ? ಅಜ್ಜಿಗೆ ಕಣ್ಣು ಮಂದವಾದಾಗ ಎದುರಿಗಿದ್ದ ಹುಡುಗಿಯನ್ನು ಕರೆದು ಮಾಡಿಸುವ ಕೆಲಸ ಇದು. ಸಂಘದಲ್ಲಿ ಎಲ್ಲರಿಗಿಂತ ದೊಡ್ಡವರು ಎಲ್ಲಕ್ಕಿಂತ ಸಣ್ಣ ಕೆಲಸ ಹಿಡಿದರು. ಅದನ್ನು ಯಾರೂ ವಿಶೇಷ ಎಂದು ಹೇಳಿಕೊಳ್ಳಲಿಲ್ಲ.

*ಒಂದೇ ರಾತ್ರಿಯ ಮಗ್ಗ*

ಕಠಿನ ಪದ್ಧತಿ ಬೌದ್ಧ ದೇಶಗಳಲ್ಲಿ ಇನ್ನಷ್ಟು ಬೆಳೆಯಿತು. ಬಾಂಗ್ಲಾದೇಶದ ರಂಗಾಮಾಟಿಯಲ್ಲಿ ರಾಜಬನ ವಿಹಾರ ಇದೆ. ಅಲ್ಲಿ ಚಕ್ಮಾ ಸಮುದಾಯದವರು ಪ್ರತಿ ವರ್ಷ ಕಠಿನ ಚೀವರ ದಾನ ಮಾಡುತ್ತಾರೆ. ಬುದ್ಧರ ಕಾಲದಲ್ಲಿ ವಿಶಾಖೆ ಹೀಗೆ ಒಂದೇ ದಿನದಲ್ಲಿ ಚೀವರ ಮಾಡಿಸಿ ಕೊಟ್ಟಳು ಎಂಬುದು ಅವರ ನಂಬಿಕೆ. ಹತ್ತಿಯಿಂದ ಬೀಜ ಬಿಡಿಸುವುದು, ಹಿಂಜುವುದು, ನೂಲುವುದು, ಬಣ್ಣಕ್ಕೆ ಅದ್ದಿ ಒಣಗಿಸುವುದು, ಹಾಸು ಹೂಡುವುದು, ನೇಯುವುದು, ಹೊಲಿಯುವುದು, ಎಲ್ಲವೂ ಇಪ್ಪತ್ನಾಲ್ಕು ತಾಸಿನೊಳಗೆ. ಹೆಣ್ಣುಮಕ್ಕಳು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ರಾತ್ರಿಯಿಡೀ ಕುಳಿತು ನೇಯುತ್ತಾರೆ. ಮ್ಯಾನ್ಮಾರಿನ ಯಾಂಗೋನ್ ನಗರದ ಶ್ವೇಡಗೋನ್ ಸ್ತೂಪದಲ್ಲೂ ನವೆಂಬರ್ ಸುಮಾರಿನ ಹುಣ್ಣಿಮೆಯ ರಾತ್ರಿ ಹೆಣ್ಣುಮಕ್ಕಳು ಬೆಳಗಾಗುವುದರೊಳಗೆ ಚೀವರ ನೇಯ್ದು ಮುಗಿಸುತ್ತಾರೆ. ಥಾಯ್ಲೆಂಡಿನಲ್ಲೂ ಇಂಥ ಪದ್ಧತಿ ಇದೆ, ಅದಕ್ಕೆ ಚುಲ ಕಠಿನ ಎನ್ನುತ್ತಾರೆ.

ಇಷ್ಟು ಅವಸರ ಯಾಕೆ? ನಿಧಾನವಾಗಿ ಒಂದು ತಿಂಗಳು ನೇಯ್ದರೆ ಬಟ್ಟೆ ಇನ್ನೂ ಚೆನ್ನಾಗಿ ಬರುವುದಿಲ್ಲವೇ?

ನನಗೆ ತೋಚಿದ್ದು ಇಷ್ಟು. ಒಂದು ತಿಂಗಳು ಕೊಟ್ಟರೆ ಒಂದು ಮನೆಯವರೇ ಆ ಕೆಲಸ ಮುಗಿಸಿಬಿಡುತ್ತಾರೆ. ಪುಣ್ಯವೂ ಹೆಸರೂ ಅವರದಾಗುತ್ತದೆ. ಒಂದೇ ರಾತ್ರಿ ಎಂದಾಗ ಎಂಥ ಶ್ರೀಮಂತನಿಗೂ ಒಬ್ಬನಿಗೆ ಆಗುವುದಿಲ್ಲ. ಹಿಂಜುವವರು, ನೂಲುವವರು, ಬಣ್ಣ ಅದ್ದುವವರು, ದೀಪ ಹಿಡಿಯುವವರು, ಚಹಾ ಕಾಸುವವರು ಎಲ್ಲರೂ ಬೇಕೇ ಬೇಕು. "ನೀವೂ ಬನ್ನಿ" ಎನ್ನುವುದು ಅಲ್ಲಿ ಬರೀ ಉಪಚಾರದ ಮಾತಲ್ಲ. "ನೀವು ಬರದಿದ್ದರೆ ಇದು ಆಗುವುದಿಲ್ಲ" ಎಂದು ಅರ್ಥ. ಕರೆಯುವುದರಲ್ಲಿ ಈ ಎರಡು ಬಗೆ ಇವೆ.

ಕನ್ನಡದಲ್ಲಿ "ಹಾಸುಹೊಕ್ಕು" ಎಂಬ ಮಾತಿದೆ. ದಿನಾ ಬಳಸುತ್ತೇವೆ, ಅದು ಮಗ್ಗದಿಂದ ಬಂದದ್ದೆಂಬುದು ಮರೆತುಹೋಗಿದೆ. ಹಾಸು ಎಂದರೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು. ಒಂದರ ಪಕ್ಕ ಒಂದು ಶಿಸ್ತಾಗಿ ಇರುತ್ತವೆ, ಆದರೆ ಒಂದಕ್ಕೊಂದು ಹೆಣೆದುಕೊಂಡಿರುವುದಿಲ್ಲ. ನಮ್ಮ ಊರುಗಳ ಓಣಿಗಳಂತೆ. ಹೊಕ್ಕು ಎಂದರೆ ಲಾಳಿ ಹೊತ್ತು ತರುವ ಅಡ್ಡ ಎಳೆ. ಅದು ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹಾದು, ಯಾವುದನ್ನೂ ಬಿಡದೆ ಈ ಅಂಚಿನಿಂದ ಆ ಅಂಚಿಗೆ ಹೋಗಬೇಕು. ಹಾಸು ಎಷ್ಟೇ ಗಟ್ಟಿಯಿದ್ದರೂ ಹೊಕ್ಕು ಇಲ್ಲದೆ ಬಟ್ಟೆ ಆಗುವುದಿಲ್ಲ. ಜಾತಿ ಎಂಬುದು ಬರೀ ಕೆಲಸದ ವಿಭಜನೆಯಲ್ಲ, ಕೆಲಸ ಮಾಡುವವರನ್ನೇ ಒಡೆದಿಡುವ ವಿಭಜನೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಿವರಿಸಿದ್ದು ಇದನ್ನೇ.

*ನೇಯ್ಗೆ ಖಾತೆಯ ಬಾಗಿಲು*

ಈಗ ಇನ್ನೊಂದು ಮಗ್ಗದ ಸಂಗತಿ.

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಅದಾದ ಮೂರು ವರ್ಷಕ್ಕೆ, 1928ರಲ್ಲಿ, ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ ಆಯಿತು. ಸುಮಾರು ಆರು ತಿಂಗಳು ನಡೆಯಿತು. ಕಾರ್ಮಿಕರೆಲ್ಲ ಒಂದೇ ಎಂಬುದು ಮುಷ್ಕರದ ಮುಂದಾಳುಗಳ ಘೋಷಣೆ.

ಆದರೆ ಗಿರಣಿಯೊಳಗೆ ಒಂದು ಬಾಗಿಲು ನಮ್ಮವರಿಗೆ ಮುಚ್ಚಿತ್ತು. ಅಸ್ಪೃಶ್ಯ ಕಾರ್ಮಿಕರಿಗೆ ನೂಲುವ ಖಾತೆಯಲ್ಲಿ ಕೆಲಸ ಸಿಗುತ್ತಿತ್ತು, ನೇಯುವ ಖಾತೆಯಲ್ಲಿ ಇಲ್ಲ. ನೇಯುವವರಿಗೆ ಪಗಾರ ಹೆಚ್ಚು. ಕಾರಣ ಕೇಳಿದರೆ ನಿಮಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು. ಲಾಳಿಯೊಳಗೆ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಬಾಯಿಟ್ಟು ಹೀರಿ ಹೊರಗೆಳೆಯಬೇಕಿತ್ತು. ಎಳೆ ಹರಿದರೆ ಎಂಜಲು ಹಚ್ಚಿ ಜೋಡಿಸಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿ ಮತ್ತು ನೂಲನ್ನು ನಾವು ಮುಟ್ಟುವುದಿಲ್ಲ ಎಂದು ಸವರ್ಣ ನೇಕಾರರು ಹಟ ಹಿಡಿದಿದ್ದರು. ಯಂತ್ರ ವಿಲಾಯಿತಿಯದು, ಗಿರಣಿ ಹೊಸ ಕಾಲದ್ದು, ಎಂಜಲಿನ ಲೆಕ್ಕ ಮಾತ್ರ ಹಳೆಯದೇ.

ಬಾಬಾಸಾಹೇಬರ ಮನೆತನ ಕಬೀರ ಪಂಥದ್ದು. ಬುದ್ಧ, ಕಬೀರ, ಫುಲೆ ಈ ಮೂವರನ್ನು ಅವರು ಗುರುಗಳೆಂದು ಹೇಳಿಕೊಂಡರು. ಆ ಕಬೀರರು ಸ್ವತಃ ನೇಕಾರರು. ನೇಕಾರನನ್ನು ಗುರು ಎಂದವರ ಜನಕ್ಕೆ ನೇಯ್ಗೆಯ ಬಾಗಿಲು ಮುಚ್ಚಿತ್ತು.

ಬಾಬಾಸಾಹೇಬರು ಮುಷ್ಕರದ ಮುಂದಾಳುಗಳ ಎದುರು ನೇರವಾಗಿ ಇಟ್ಟ ಮಾತು ಇದು: ನಮ್ಮ ಕಾರ್ಮಿಕರಿಗೆ ನೇಯುವ ಖಾತೆಯೂ ಸೇರಿ ಎಲ್ಲ ಖಾತೆಗಳಲ್ಲಿ ಕೆಲಸ ಸಿಗಬೇಕು, ಇದನ್ನು ನಿಮ್ಮ ಬೇಡಿಕೆಗಳಲ್ಲಿ ಸೇರಿಸಿ. ಅವರು ಒಲ್ಲದ ಮನಸ್ಸಿನಿಂದಲೇ ಸೇರಿಸಿದರು. ಮಾಲೀಕರು ಏನೆಂದರು? ಇದು ಅನ್ಯಾಯವೇ ಆಗಿದ್ದರೂ ಇದರ ಹೊಣೆ ನಮ್ಮದಲ್ಲ ಎಂದರು. ಆ ಒಂದು ವಿಷಯದಲ್ಲಿ ಮಾಲೀಕರ ಮಾತು ಸುಳ್ಳಲ್ಲ. ಬಾಗಿಲು ಹಿಡಿದು ನಿಂತಿದ್ದವರು ಜೊತೆಯ ಕಾರ್ಮಿಕರೇ. 1938ರ ಫೆಬ್ರವರಿಯಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಬಾಬಾಸಾಹೇಬರು ಬಂಡವಾಳಶಾಹಿಯ ಜೊತೆ ಬ್ರಾಹ್ಮಣ್ಯವನ್ನೂ ಕಾರ್ಮಿಕರ ಶತ್ರು ಎಂದರು. ಬ್ರಾಹ್ಮಣ್ಯ ಎಂದರೆ ಒಂದು ಜಾತಿಯಲ್ಲ, ಸ್ವಾತಂತ್ರ್ಯ-ಸಮಾನತೆ-ಬಂಧುತ್ವವನ್ನು ಅಲ್ಲಗಳೆಯುವ ಮನಸ್ಸು, ಅದು ಎಲ್ಲ ಜಾತಿಗಳಲ್ಲೂ ಇದೆ ಎಂದೂ ವಿವರಿಸಿದರು.

ಎಲ್ಲ ಜಾತಿಗಳಲ್ಲೂ. ಅದರಲ್ಲಿ ನಮ್ಮನ್ನೂ ಬಿಟ್ಟಿಲ್ಲ. ಈಗ ನನ್ನ ಕಾರಣ ಹೇಳುತ್ತೇನೆ.

*ಹೋದ ವರ್ಷದ ಕೌದಿ*

ಗ್ರಂಥ ಓದುವವರು ಕೂರಲು ಒಂದು ಕೌದಿ ಹೊಲಿಯುವುದೆಂದು ಹೋದ ವರ್ಷ ನಿಶ್ಚಯವಾಗಿತ್ತು. ಗಡಿಯ ಹಳ್ಳಿಗಳಲ್ಲಿ ಇದಕ್ಕೇ ವಾಕಳ ಎನ್ನುತ್ತಾರೆ. ಮನೆಗೊಂದು ಹಳೆಯ ಸೀರೆ. "ಯಾರು ಬೇಕಾದರೂ ಬರಬಹುದು" ಎಂದು ಗ್ರೂಪಿನಲ್ಲಿ ಬರೆದವಳು ನಾನೇ. ಮುಂಜಾನೆ ಹನ್ನೊಂದಕ್ಕೆ ಎಂದು ವೇಳೆಯನ್ನೂ ಬರೆದೆ. ಬಂದವರೆಲ್ಲ ನಮ್ಮವರೇ, ಗ್ರೂಪಿನಲ್ಲಿ ಇದ್ದವರೇ. ಹೊಲಿಗೆ ಅಂಗಡಿಯ ಒಬ್ಬ ಮುಸ್ಲಿಂ ಅಣ್ಣ ಒಂದು ಚೀಲ ತುಂಡು ಬಟ್ಟೆ ಕಳಿಸಿದ್ದರು. ಮಾದರ ಓಣಿಯಿಂದ ನನ್ನ ಶಾಲೆಯ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಆಯಿಯ ಸೀರೆ ಹಿಡಿದು ಬಂದಿದ್ದಳು.

ಕೌದಿಗೆ ಮೇಲಿನ ಮುಖ ಒಂದು, ಕೆಳಗಿನ ಮುಖ ಒಂದು, ನಡುವೆ ಹೊಟ್ಟೆಯ ಪದರಗಳು. ಹೊಟ್ಟೆಗೆ ಹಾಕಿದ್ದು ಕೌದಿಗೆ ದಪ್ಪ ಕೊಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸೀರೆಗಳನ್ನು ಹಾಸಿ ಜೋಡಿಸುತ್ತಿದ್ದವಳು ನಾನು. ಆ ಸೀರೆಯನ್ನು ಹೊಟ್ಟೆಗೆ ಹಾಕಿದೆ. ಮೇಲಿನ ಮುಖಕ್ಕೆ ನನ್ನ ಸೀರೆ, ನಮ್ಮ ಓಣಿಯ ಇನ್ನು ಕೆಲವರ ಸೀರೆ ಬಂದವು. ಒಂದು ಅಂಚು ಹೊಲಿದೂ ಆಯಿತು.

ಆ ಹುಡುಗಿ ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅಕ್ಕೋರ್ರೀ, ನಮ್ಮ ಆಯಿ ಸೀರಿ ಯಾಕ ಒಳಗ ಹಾಕಿದ್ರಿ?"

"ಬಣ್ಣ ಹೋಗೇತವ್ವಾ, ಅದಕ್ಕ" ಎಂದೆ.

"ನಿಮ್ಮ ಸೀರಿದೂ ಹೋಗೇತಲ್ರೀ" ಎಂದಳು.

ಹೌದು, ಹೋಗಿತ್ತು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ವರ್ಗದಲ್ಲಿ ಲೆಕ್ಕ ತಪ್ಪಿದಾಗ ಕೇಳುವಂತೆ ಕೇಳಿದ್ದಳು. ನಾನು ಬೇಕೆಂದು ಮಾಡಿದ್ದೆನೇ? ಇಲ್ಲ ಎಂದು ನನಗೆ ನಾನೇ ಅನೇಕ ಸಲ ಹೇಳಿಕೊಂಡೆ. ಆದರೆ ಕೈ ತಾನಾಗಿ ಯಾವ ಸೀರೆಯನ್ನು ಎಲ್ಲಿ ಇಟ್ಟಿತು ಎಂಬುದು ಎದುರಿಗೆ ಬಿದ್ದಿತ್ತು. ಗಿರಣಿಯ ನೇಕಾರರೂ ತಮ್ಮನ್ನು ಕೆಟ್ಟವರೆಂದು ತಿಳಿದಿರಲಿಕ್ಕಿಲ್ಲ.

ಹೊಲಿದ ಅಂಚು ಬಿಚ್ಚಿದೆವು. ಬಿಚ್ಚುವಾಗ ಒಬ್ಬರು "ಇಷ್ಟಕ್ಕ ಯಾಕ ಬಿಚ್ಚತೀರಿ?" ಎಂದು ಬೇಸರಪಟ್ಟರು. ಸೀರೆ ಮೇಲಕ್ಕೆ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಸೀರೆ ಕೊಟ್ಟ ಆಯಿ ಯಾಕೆ ಬರಲಿಲ್ಲ ಎಂದು ಕೇಳಿದಾಗ ತಿಳಿಯಿತು, ಹನ್ನೊಂದಕ್ಕೆ ಅವರು ಕೂಲಿಗೆ ಹೋಗಿರುತ್ತಾರೆ. ಬೀಡಿ ಕಟ್ಟುವವರಿಗೆ, ಹೊಲದ ಕೆಲಸದವರಿಗೆ ಹಗಲು ಪುರಸೊತ್ತು ಎಲ್ಲಿಯದು? ಹನ್ನೊಂದು ಗಂಟೆ ಎಂಬುದು ಪಗಾರದ ನೌಕರಿ ಇದ್ದವರ ರಜೆಯ ದಿನದ ವೇಳೆ. ಉಳಿದ ಹೊಲಿಗೆಯನ್ನು ರಾತ್ರಿ ಏಳೂವರೆಯ ಮೇಲೆ ಇಟ್ಟುಕೊಂಡೆವು. ನಾನೂ ಇನ್ನಿಬ್ಬರೂ ಓಣಿ ಓಣಿಗೆ ಹೋಗಿ ಕರೆದೆವು.

ಎರಡನೆಯ ರಾತ್ರಿ ಆ ಆಯಿ ಬಂದರು. ಬಾಗಿಲ ಬಳಿಯೇ ಕುಳಿತರು. ಒಳಗೆ ಬನ್ನಿ ಎಂದರೆ "ಇಲ್ಲೇ ಗಾಳಿ ಛಲೋ ಐತಿ" ಎಂದರು. ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ "ಕರದ್ರ ಬರ್ತೇವಿ. ನೀವು ಕರದದ್ದು ಫೋನಿನ್ಯಾಗ. ನನ್ನ ಕಡೆ ಆ ಫೋನಿಲ್ಲ" ಎಂದರು. ನಮ್ಮ "ಎಲ್ಲರೂ" ಎಷ್ಟು ದೊಡ್ಡದಿತ್ತು ಎಂಬುದು ಆಗ ತಿಳಿಯಿತು. ಕೌದಿಯನ್ನೇ ಬಾಗಿಲ ಕಡೆಗೆ ಎಳೆದು ಹಾಸಿದೆವು. ಸ್ವಲ್ಪ ಹೊತ್ತಿಗೆ ಅವರು ಸೂಜಿ ನನ್ನ ಕೈಗೆ ಕೊಟ್ಟು "ಪೋಣಿಸಿ ಕೊಡ್ರಿ, ಕಣ್ಣು ಕಾಣವಲ್ಲವು" ಎಂದರು. ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಪೋಣಿಸಿ ಕೊಟ್ಟೆ. ಅವರು ಹೊಲಿಗೆ ಮುಂದುವರಿಸಿದರು. ಆಮೇಲೆ ನನ್ನ ಸೂಜಿಯಲ್ಲಿ ನೂಲು ತೀರಿದಾಗ, ಅವರು ಹಲ್ಲಿನಲ್ಲಿ ಕಡಿದು ಕೊಟ್ಟ ನೂಲನ್ನು ನಾನು ಮತ್ತೆ ಬಾಯಲ್ಲಿಟ್ಟು ಪೋಣಿಸಿಕೊಂಡೆ.

ಇಬ್ಬರಿಗೂ ಅದರ ಖಬರು ಇರಲಿಲ್ಲ. ರಾತ್ರಿ ಮನೆಗೆ ಹೋಗುವಾಗ ನನಗೆ 1928 ನೆನಪಾಯಿತು.

*ಕಾಯುವುದು*

ಧಮ್ಮಪದದ ಅಟ್ಠಕಥೆಯಲ್ಲಿ ನೇಕಾರನ ಮಗಳ ಕತೆಯೂ ಇದೆ. ಬುದ್ಧರು ಆಳವಿ ಎಂಬ ಊರಿಗೆ ಬಂದರು. ಜನ ಸೇರಿದರು, ಊಟದ ದಾನವೂ ಆಯಿತು. ಬುದ್ಧರು ಮಾತನಾಡದೆ ಸುಮ್ಮನೆ ಕುಳಿತರು. ಅವರು ಒಬ್ಬ ಹುಡುಗಿಗಾಗಿ ಕಾಯುತ್ತಿದ್ದರು. ಅಪ್ಪನ ಮಗ್ಗಕ್ಕೆ ನೂಲು ಸುತ್ತಿ ಕೊಡುವ ಕೆಲಸ ಮುಗಿಸದೆ ಅವಳು ಬರುವಂತಿರಲಿಲ್ಲ. ಕೆಲಸ ಮುಗಿಸಿ, ಬುಟ್ಟಿ ಹಿಡಿದು ಮಗ್ಗದ ಕಡೆ ಹೋಗುವ ದಾರಿಯಲ್ಲಿ ಅವಳು ಜನರ ಹಿಂದೆ ನಿಂತಾಗ ಬುದ್ಧರು ಅವಳನ್ನು ಮುಂದಕ್ಕೆ ಕರೆದು ಮಾತಾಡಿಸಿದರು. ಎಲ್ಲಿಂದ ಬಂದೆ ಎಂದರೆ ತಿಳಿಯದು ಎಂದಳು. ಎಲ್ಲಿಗೆ ಹೋಗುವೆ ಎಂದರೂ ತಿಳಿಯದು ಎಂದಳು. ಜನ ಉದ್ಧಟತನ ಎಂದು ಗದ್ದಲ ಮಾಡಿದರು. ಬುದ್ಧರು ಅವರನ್ನು ಸುಮ್ಮನಿರಿಸಿ, ಅವಳ ಬಾಯಿಂದಲೇ ಅರ್ಥ ಹೇಳಿಸಿದರು. ಅವಳು ಹುಟ್ಟು-ಸಾವಿನ ಬಗ್ಗೆ ಹೇಳುತ್ತಿದ್ದಳು. ಎಲ್ಲರಿಗಿಂತ ಆಳವಾಗಿ ಯೋಚಿಸಿದ್ದವಳು ಅವಳೇ.

ಇದು ಅಟ್ಠಕಥೆಯ ಕತೆ, ಬುದ್ಧರ ಕಾಲದ ಎಷ್ಟೋ ಶತಮಾನಗಳ ನಂತರ ಬರೆದಿಟ್ಟದ್ದು. ಬುದ್ಧಿಗೆ ಒಪ್ಪುವುದನ್ನು, ಜನಹಿತಕ್ಕೆ ಆಗುವುದನ್ನು ಆರಿಸಿಕೊಳ್ಳಿ ಎಂಬ ಒರೆಗಲ್ಲನ್ನು ಬಾಬಾಸಾಹೇಬರು ಕೊಟ್ಟಿದ್ದಾರೆ. ಆ ಒರೆಗಲ್ಲಿಗೆ ತಿಕ್ಕಿದರೆ ಈ ಕತೆಯಿಂದ ಒಂದು ಸಂಗತಿ ಉಳಿಯುತ್ತದೆ: ದುಡಿಯುವವಳು ಬರುವ ತನಕ ಬುದ್ಧರು ಸಭೆ ಶುರು ಮಾಡಲಿಲ್ಲ.

ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂಬತ್ತನೆಯದು ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು. ಹತ್ತನೆಯದು ಸಮಾನತೆ ನೆಲೆಗೊಳಿಸಲು ಪ್ರಯತ್ನಿಸುವುದು. ಎರಡನ್ನೂ ಒಂದೇ ಪ್ರತಿಜ್ಞೆಯಲ್ಲಿ ಹೇಳಬಹುದಿತ್ತು. ಬೇರೆ ಬೇರೆ ಇಟ್ಟರು. ಮೊದಲನೆಯದು ಇದ್ದೂ ಎರಡನೆಯದು ಇಲ್ಲದಿರಬಹುದು ಎಂಬುದು ಹೋದ ವರ್ಷ ನನ್ನ ಕೈಯಿಂದಲೇ ನನಗೆ ಗೊತ್ತಾಯಿತು.

*ಈ ವರ್ಷಕ್ಕೆ ನನ್ನ ವಿನಂತಿ*

1. ಕರೆಯುವುದು ಫೋನಿನಲ್ಲಿ ಮಾತ್ರ ಬೇಡ. ಪ್ರತಿ ಊರಿನಲ್ಲಿ ಇಬ್ಬರಾದರೂ ನಡೆದು ಹೋಗಿ ಕರೆಯಲಿ. ಮಾದರ ಓಣಿ, ಸಮಗಾರ ಓಣಿ, ಢೋರ ಓಣಿಗೆ ಮೊದಲು ಹೋಗೋಣ. ಲಿಂಗಾಯತ, ಮರಾಠಾ, ಜೈನ, ಮುಸ್ಲಿಂ ನೆರೆಯವರನ್ನೂ ಕರೆಯೋಣ. ಬರುವುದು ಬಿಡುವುದು ಅವರ ಇಚ್ಛೆ.

2. ವೇಳೆಯನ್ನು ಕೂಲಿಗೆ ಹೋಗುವವರನ್ನು ಕೇಳಿ ಇಡೋಣ. ಅವರು ಬರುವ ತನಕ ಹೊಲಿಗೆ ಶುರು ಮಾಡುವುದು ಬೇಡ.

3. ಯಾರ ಬಟ್ಟೆ ಮೇಲೆ, ಯಾರದು ಒಳಗೆ ಎಂಬುದನ್ನು ಒಬ್ಬರೇ ನಿರ್ಧರಿಸುವುದು ಬೇಡ. ಚೀಟಿ ಎತ್ತೋಣ. ಹೊಟ್ಟೆಗೆ ಹೋಗುವ ಪಾಳಿ ನಮ್ಮ ಸೀರೆಗೂ ಬರಲಿ.

4. ಹಿರಿಯರು, ಭಾಷಣ ಮಾಡುವವರು, ನನ್ನಂಥ ಅಕ್ಕೋರು ಕಡೆಯ ದಿನ ಬಂದು ಫೋಟೋಕ್ಕೆ ನಿಲ್ಲುವುದು ಬೇಡ. ಕಣ್ಣು ಮಂದವಾದವರ ಪಕ್ಕ ಕುಳಿತು ಸೂಜಿಗೆ ನೂಲು ಪೋಣಿಸಿ ಕೊಡೋಣ. ಆ ಕೆಲಸ ಮೊದಲು ಮಾಡಿದವರು ಯಾರೆಂದು ಈಗ ನಿಮಗೆ ಗೊತ್ತಿದೆ.

*ಇಂದು ಯೋಚಿಸಬೇಕಾದ ಪ್ರಶ್ನೆ:* ನನ್ನ ಮನೆಯ, ನನ್ನ ವಿಹಾರದ ಯಾವ ಕೆಲಸದಲ್ಲಿ ನಾನು ಯಾರನ್ನು, ಬೇಕೆಂದಲ್ಲದಿದ್ದರೂ, ಒಳಪದರಕ್ಕೆ ಹಾಕಿದ್ದೇನೆ? ಆ ಅಂಚನ್ನು ಬಿಚ್ಚಲು ನಾನು ತಯಾರಿದ್ದೇನೆಯೇ?

ನಿಮ್ಮ ಅನುಭವವನ್ನು ರವಿವಾರದ ಸಭೆಯಲ್ಲಿ ಹೇಳಿ. ಈ ಚಿಂತನೆಯನ್ನು ಬೇರೆಯವರಿಗೂ ಕಳಿಸಿ. ಫೋನ್ ಇಲ್ಲದವರಿಗೆ ಓದಿ ಹೇಳಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.